ಕೆಲಸದಲ್ಲಿ ಸುಟ್ಟಗಾಯವಾದಾಗ ಕಾನೂನಿನ ದಾರಿ: ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ

ಭೋಸರಿಯ ಎರಕದ ಕಾರ್ಖಾನೆಗಳು, ತಳೋಜಾ ಮತ್ತು ಡೊಂಬಿವಲಿಯ ರಾಸಾಯನಿಕ ಘಟಕಗಳು, ಗೋವಾದ ವೆರ್ಣಾ ಕೈಗಾರಿಕಾ ವಸಾಹತು, ಮುಂಬಯಿಯ ಉದ್ದಗಲಕ್ಕೂ ಹರಡಿರುವ ಹೋಟೆಲುಗಳ ಅಡುಗೆಮನೆಗಳು, ಇವೆಲ್ಲ ನಮ್ಮವರು ಬೆಂಕಿ, ಹಬೆ, ಕಾದ ಎಣ್ಣೆ ಮತ್ತು ಕರಗಿದ ಲೋಹದ ಪಕ್ಕದಲ್ಲಿ ವರ್ಷಗಟ್ಟಲೆ ದುಡಿಯುವ ಜಾಗಗಳು. 2023ರ ಡಿಸೆಂಬರಿನಲ್ಲಿ ಪಿಂಪ್ರಿ-ಚಿಂಚವಾಡದ ತಳವಡೆಯಲ್ಲಿ ಹುಟ್ಟುಹಬ್ಬದ ಮೇಣದಬತ್ತಿ ತಯಾರಿಸುವ ಘಟಕಕ್ಕೆ ಬೆಂಕಿ ಬಿದ್ದು ಅಲ್ಲಿ ದುಡಿಯುತ್ತಿದ್ದ ಮಹಿಳೆಯರು ಪ್ರಾಣ ಕಳೆದುಕೊಂಡರು. 2024ರ ಮೇ 23ರಂದು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸ್ಫೋಟವಾಯಿತು. ಇಂಥ ದೊಡ್ಡ ಅವಘಡಗಳು ಪತ್ರಿಕೆಯಲ್ಲಿ ಬರುತ್ತವೆ, ಸರ್ಕಾರವೂ ಪರಿಹಾರ ಘೋಷಿಸುತ್ತದೆ. ಒಬ್ಬನೇ ಕಾರ್ಮಿಕ ಒಂದು ಮಧ್ಯಾಹ್ನ ಸುಟ್ಟುಕೊಂಡರೆ ಅದು ಎಲ್ಲಿಯೂ ಸುದ್ದಿಯಾಗುವುದಿಲ್ಲ. ಈ ಬರಹ ಅಂಥವರಿಗಾಗಿ, ಹಾಗೂ ಆಸ್ಪತ್ರೆಯ ಹೊರಗೆ ಕಾಯುತ್ತಿರುವ ಅವರ ಮನೆಯವರಿಗಾಗಿ.

ಸುಟ್ಟಗಾಯದ ಪ್ರಕರಣಗಳು ಉಳಿದ ಅಪಘಾತಗಳಿಗಿಂತ ಬೇರೆ ರೀತಿಯವು ಎಂಬುದನ್ನು ಮೊದಲೇ ತಿಳಿದಿರಬೇಕು. ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ಆದ ನಷ್ಟ ಅಂದೇ ಕಣ್ಣಿಗೆ ಕಾಣುತ್ತದೆ. ಸುಟ್ಟ ಕೈ ಮಾತ್ರ ಮೇಲ್ನೋಟಕ್ಕೆ ವಾಸಿಯಾದ ಮೇಲೂ, ತಿಂಗಳುಗಳ ನಂತರ ಚರ್ಮ ಬಿಗಿದು ಬೆರಳು ಮಡಚಿಕೊಂಡಾಗ, ಮೊಣಕೈ ಪೂರ್ತಿ ಚಾಚಲು ಬಾರದಾದಾಗ, ಬಿಸಿಲಿಗೂ ಒಲೆಯ ಕಾವಿಗೂ ಹೋಗಲಾಗದಂತಾದಾಗ ತನ್ನ ನಿಜವಾದ ನಷ್ಟವನ್ನು ತೋರಿಸುತ್ತದೆ. ಸಾಕ್ಷ್ಯದ ಕಥೆ ಇದಕ್ಕೆ ತದ್ವಿರುದ್ಧ: ಸುಟ್ಟ ಬಟ್ಟೆ, ಒಡೆದ ಪೈಪು, ಸಿಸಿಟಿವಿ ದೃಶ್ಯ, ಜೊತೆಗಾರರ ನೆನಪು ಎಲ್ಲವೂ ಮೊದಲ ವಾರದಲ್ಲೇ ಮಾಯವಾಗುತ್ತವೆ. ಆದ್ದರಿಂದ ಕಾಗದಪತ್ರ ಮಾಡಿಸುವುದಕ್ಕೆ ಅವಸರ ಬೇಕು, ರಾಜಿಗೆ ಒಪ್ಪುವುದಕ್ಕೆ ಅವಸರ ಬೇಡ. ನನ್ನ ದೃಷ್ಟಿಯಲ್ಲಿ ಹೆಚ್ಚಿನವರು ಸೋಲುವುದು ಇದನ್ನೇ ತಲೆಕೆಳಗು ಮಾಡಿದಾಗ.

ಮೊದಲ ದಿನಗಳ ಕಾಗದಪತ್ರ

ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಬೇಕು, ಹಣದ ಮಾತು ಆಮೇಲೆ. ತುರ್ತು ಚಿಕಿತ್ಸೆಯನ್ನು ಯಾವ ವೈದ್ಯರೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಪೊಲೀಸ್ ಪ್ರಕ್ರಿಯೆಯ ನೆಪ ಹೇಳಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಐರೋಲಿಯ ರಾಷ್ಟ್ರೀಯ ಸುಟ್ಟಗಾಯ ಕೇಂದ್ರ, ಮುಂಬಯಿಯ ಕಸ್ತೂರ್ಬಾ ಆಸ್ಪತ್ರೆ, ಪುಣೆಯ ಸಸೂನ್, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು, ಇವುಗಳ ಹೆಸರು ನೆನಪಿನಲ್ಲಿರಲಿ.

ಆಸ್ಪತ್ರೆಯಲ್ಲಿ ದಾಖಲಿಸುವಾಗ ಪ್ರಕರಣವನ್ನು ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ, ಎಂದು ನೋಂದಾಯಿಸಲು ಹೇಳಿ. ಗಾಯ ಹೇಗಾಯಿತು ಎಂಬ ಸಾಲಿನಲ್ಲಿ 'ಇಂಥ ಕಾರ್ಖಾನೆಯಲ್ಲಿ, ಕೆಲಸದ ಪಾಳಿಯಲ್ಲಿ, ಇಂಥ ಯಂತ್ರದ ಬಳಿ' ಎಂದು ಬರೆದಿದೆಯೇ ಎಂದು ಓದಿ ನೋಡಿ. ಗಾಯಾಳುವನ್ನು ಕರೆತಂದ ಮೇಲ್ವಿಚಾರಕರೋ ಮುಕಾದಮರೋ 'ಮನೆಯಲ್ಲಿ ಸ್ಟೋವ್ ಸಿಡಿದು' ಎಂದು ಬರೆಸಿಬಿಟ್ಟರೆ ಆ ಒಂದು ಸಾಲನ್ನು ಮುಂದೆ ತಿದ್ದಿಸುವುದು ವರ್ಷಗಳ ಹೋರಾಟವಾಗುತ್ತದೆ. ತಪ್ಪು ಬರೆದಿದ್ದರೆ ಅಂದೇ ವೈದ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನಂತರ ಬರುವುದು ಪೊಲೀಸರ ಜಬಾಬ್, ಅಂದರೆ ಪೊಲೀಸರು ಬರೆದುಕೊಳ್ಳುವ ಹೇಳಿಕೆ. ಇಲ್ಲಿ ಕನ್ನಡಿಗರಿಗೆ ವಿಶೇಷ ಅಪಾಯವಿದೆ, ಏಕೆಂದರೆ ಹೇಳಿಕೆಯನ್ನು ಸಾಮಾನ್ಯವಾಗಿ ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ, ಅದರ ಕೊನೆಯಲ್ಲಿ 'ಮಾಝೀ ಕೋಣಾವಿರುದ್ಧ ತಕ್ರಾರ್ ನಾಹೀ' ಎಂಬ ವಾಕ್ಯ ಸೇರಿಕೊಳ್ಳುವುದುಂಟು. ಯಾರ ಮೇಲೂ ನನ್ನ ದೂರಿಲ್ಲ ಎಂಬ ಆ ವಾಕ್ಯದ ಕೆಳಗೆ, ಬ್ಯಾಂಡೇಜು ಸುತ್ತಿದ ಕೈಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ, ಮಾಲೀಕರ ವಕೀಲರು ನ್ಯಾಯಾಲಯದಲ್ಲಿ ಮೊದಲು ತೋರಿಸುವುದು ಅದನ್ನೇ. ಗಾಯಾಳುವಿಗೆ ತಿಳಿಯುವ ಭಾಷೆಯಲ್ಲೇ ಹೇಳಿಕೆ ನೀಡುವುದಾಗಿ ವಿನಯದಿಂದಲೇ ಹೇಳಿ. ಅರ್ಥ ಹೇಳಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪೂರ್ತಿ ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಲಿ. ಗಾಯ ಪ್ರಾಣಾಂತಿಕವಾಗಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ, ಗಾಯಾಳು ಪ್ರಜ್ಞೆಯಲ್ಲಿದ್ದಾರೆ ಎಂಬ ವೈದ್ಯರ ದೃಢೀಕರಣದೊಂದಿಗೆ, ಹೇಳಿಕೆ ದಾಖಲಿಸಲು ಮನೆಯವರು ಕೋರಬೇಕು. ದುರದೃಷ್ಟವಶಾತ್ ಸಾವು ಸಂಭವಿಸಿದರೆ ಆ ಹೇಳಿಕೆಯೇ ಮರಣಪೂರ್ವ ಹೇಳಿಕೆಯಾಗಿ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಡಿ ಸಾಕ್ಷ್ಯವಾಗುತ್ತದೆ.

ಜೊತೆಗೆ ಕೆಲಸಗಾರ ಅಲ್ಲಿ ದುಡಿಯುತ್ತಿದ್ದರು ಎಂಬುದಕ್ಕೆ ಆಧಾರ ಕೂಡಿಡಬೇಕು. ಸಣ್ಣ ಘಟಕಗಳಲ್ಲಿ ನೇಮಕಾತಿ ಪತ್ರ ಇರುವುದಿಲ್ಲ, ಅಪಘಾತವಾದ ಮರುದಿನವೇ ಹಾಜರಿ ಪುಸ್ತಕದಿಂದ ಹೆಸರು ಕಾಣೆಯಾಗುತ್ತದೆ. ಪಗಾರ ಜಮೆಯಾದ ಬ್ಯಾಂಕ್ ಅಥವಾ ಯುಪಿಐ ವಿವರ, ಭವಿಷ್ಯನಿಧಿಯ ಯುಎಎನ್ ಸಂಖ್ಯೆ, ಗೇಟ್ ಪಾಸು, ಪಾಳಿಯ ಬಗ್ಗೆ ಬಂದ ವಾಟ್ಸ್ಆ್ಯಪ್ ಸಂದೇಶ, ಸಮವಸ್ತ್ರ ತೊಟ್ಟು ಕೆಲಸದ ಜಾಗದಲ್ಲಿ ತೆಗೆಸಿಕೊಂಡ ಫೋಟೊ ಇವೆಲ್ಲ ನಡೆಯುತ್ತವೆ. ಗಾಯದ ಫೋಟೊಗಳನ್ನು ಮೊದಲ ದಿನದಿಂದಲೇ, ದಿನಾಂಕ ಕಾಣುವಂತೆ, ಡ್ರೆಸಿಂಗ್ ಬದಲಿಸುವಾಗಲೆಲ್ಲ ತೆಗೆದಿಡಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ದೇಹದ ಶೇಕಡ ಎಷ್ಟು ಭಾಗ ಸುಟ್ಟಿದೆ, ಎಷ್ಟು ಆಳಕ್ಕೆ ಸುಟ್ಟಿದೆ, ಚರ್ಮ ಕಸಿ ಎಲ್ಲೆಲ್ಲಿ ಆಗಿದೆ ಎಂಬ ಮೂರೂ ವಿವರ ಇರಲೇಬೇಕು.

ಇಎಸ್‌ಐ ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು

ಪರಿಹಾರಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ, ಎರಡರಲ್ಲೂ ಏಕಕಾಲಕ್ಕೆ ನಡೆಯಲಾಗುವುದಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಪಡೆಯುವವರು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ, ವ್ಯಾಪ್ತಿಗೆ ಬರುತ್ತಾರೆ. ಆ ವ್ಯಾಪ್ತಿಗೆ ಬಾರದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಈ ಎರಡೂ ಕಾಯ್ದೆಗಳ ವಿಷಯವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಒಳಗೊಂಡಿದೆ. ಅಪಘಾತ ಆ ದಿನಕ್ಕಿಂತ ಮೊದಲು ನಡೆದಿದ್ದರೆ ಅರ್ಜಿಯಲ್ಲಿ ಹಳೆಯ ಕಾಯ್ದೆಯ ಕಲಮುಗಳನ್ನು, ನಂತರ ನಡೆದಿದ್ದರೆ ಸಂಹಿತೆಯ ಕಲಮುಗಳನ್ನು ಕಾಣಿಸಲು ವಕೀಲರಿಗೆ ನೆನಪಿಸಿ. ಪರಿಹಾರ ಲೆಕ್ಕ ಹಾಕುವ ಮೂಲ ಕ್ರಮ ಬದಲಾಗಿಲ್ಲ.

ಇಎಸ್‌ಐ ಇದ್ದವರು ಅದನ್ನು ಕೀಳಾಗಿ ಕಾಣಬಾರದು. ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಸುಟ್ಟುಕೊಂಡರೂ ಹಕ್ಕಿದೆ. ಚಿಕಿತ್ಸೆ ಉಚಿತ, ಕೆಲಸಕ್ಕೆ ಹೋಗಲಾಗದ ಅವಧಿಗೆಲ್ಲ ದಿನಗೂಲಿಯ ಶೇಕಡ 90ರಷ್ಟು ತಾತ್ಕಾಲಿಕ ಅಸಮರ್ಥತೆಯ ಭತ್ಯೆ, ನಂತರ ಶಾಶ್ವತ ನಷ್ಟ ಉಳಿದರೆ ವೈದ್ಯಕೀಯ ಮಂಡಳಿ ನಿರ್ಧರಿಸಿದ ಪ್ರಮಾಣದಲ್ಲಿ ಜೀವನಪರ್ಯಂತ ಮಾಸಿಕ ಭತ್ಯೆ ಸಿಗುತ್ತದೆ. ತಿಂಗಳಿಗೆ 18,000 ಪಗಾರ ಇರುವವರಿಗೆ ದಿನಕ್ಕೆ 600 ಎಂದು ಹಿಡಿದರೆ 540 ರೂಪಾಯಿ ಪೂರ್ಣ ದರ. ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡ 40 ನಷ್ಟ ಎಂದು ಮಂಡಳಿ ಹೇಳಿದರೆ ದಿನಕ್ಕೆ 216 ರೂಪಾಯಿ, ಬದುಕಿರುವವರೆಗೆ. ಇದಕ್ಕೆ ಅಡಿಪಾಯ ಮಾಲೀಕರು ಸಲ್ಲಿಸಬೇಕಾದ ಫಾರ್ಮ್ 12, ಅಂದರೆ ಅಪಘಾತ ವರದಿ. ಅದು ಹೋಗಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ, ಹೋಗಿಲ್ಲದಿದ್ದರೆ ನೀವೇ ಲಿಖಿತ ಮಾಹಿತಿ ಕೊಡಿ. ಮಾಲೀಕರು ವಂತಿಗೆ ಕಟ್ಟದೆ ವಂಚಿಸಿದ್ದರೂ ಇಎಸ್‌ಐ ನಿಗಮ ಸೌಲಭ್ಯ ಕೊಟ್ಟು ಅವರಿಂದ ವಸೂಲು ಮಾಡಬಹುದು. ಚಿಂಚವಾಡದ ಮೋಹನನಗರ, ಮುಂಬಯಿಯ ಕಾಂದಿವಲಿ, ಗೋವಾದ ಮಡಗಾಂವ್ ಮುಂತಾದೆಡೆ ಇಎಸ್‌ಐ ಆಸ್ಪತ್ರೆಗಳಿವೆ. ಸುಧಾರಿಸಿಕೊಳ್ಳಲು ಊರಿಗೆ ಹೋಗುವವರು ಮೊದಲೇ ತಿಳಿಸಿ ಹೋದರೆ ಅಲ್ಲಿಯ ಇಎಸ್‌ಐ ವ್ಯವಸ್ಥೆಯಲ್ಲೇ ಚಿಕಿತ್ಸೆ ಮುಂದುವರಿಸಬಹುದು. ಕಲಬುರಗಿಯಲ್ಲಂತೂ ಇಎಸ್‌ಐಸಿ ವೈದ್ಯಕೀಯ ಕಾಲೇಜೇ ಇದೆ. ತುರ್ತಿನಲ್ಲಿ ಖಾಸಗಿ ಆಸ್ಪತ್ರೆ ಸೇರಿದ್ದರೆ ತಡಮಾಡದೆ ಇಎಸ್‌ಐ ಕಚೇರಿಗೆ ಬರೆದು ತಿಳಿಸಿ, ಇಲ್ಲವಾದರೆ ಆ ಬಿಲ್ಲಿನ ಮರುಪಾವತಿ ಕಠಿಣವಾಗುತ್ತದೆ. ಮಂಡಳಿ ನಷ್ಟವನ್ನು ಕಡಿಮೆ ಅಂದಾಜಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಇಎಸ್‌ಐ ಇಲ್ಲದವರ ಲೆಕ್ಕ

ಎಂಟು ಜನರ ಹೋಟೆಲು, ಆರು ಜನರ ವೆಲ್ಡಿಂಗ್ ಶೆಡ್ಡು ಇಂಥಲ್ಲಿ ದುಡಿಯುವವರಿಗೆ ಪರಿಹಾರ ಕೊಡುವ ಹೊಣೆ ನೇರವಾಗಿ ಮಾಲೀಕರದು. ಗ್ಯಾಸ್ ಒಲೆಯ ಮುಂದೆ ಅಡುಗೆ ಮಾಡುವ ಹೋಟೆಲ್ ಕಾರ್ಮಿಕರೂ ಇದರಲ್ಲಿ ಸೇರಿದ್ದಾರೆ. ಅಪಘಾತ ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ನಡೆದಿದ್ದರೆ ಸಾಕು, ಮಾಲೀಕರ ತಪ್ಪನ್ನು ರುಜುವಾತುಪಡಿಸಬೇಕಾಗಿಲ್ಲ. 'ಅವನದೇ ಅಜಾಗರೂಕತೆ' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕುಡಿದಿದ್ದರು, ಸುರಕ್ಷಾ ನಿಯಮವನ್ನು ಬೇಕೆಂದೇ ಉಲ್ಲಂಘಿಸಿದರು, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆದರು ಎಂಬ ಮೂರು ವಾದಗಳಿಗೆ ಕಾನೂನಿನಲ್ಲಿ ಜಾಗವಿದ್ದರೂ, ಸಾವು ಅಥವಾ ಸಂಪೂರ್ಣ ಶಾಶ್ವತ ಅಸಮರ್ಥತೆ ಉಂಟಾದಾಗ ಅವೂ ನಡೆಯುವುದಿಲ್ಲ. ಇನ್ನು ಕೈಗವಸನ್ನೇ ಕೊಡದ ಮಾಲೀಕರು ಕೈಗವಸು ಹಾಕಿರಲಿಲ್ಲ ಎಂದು ದೂರುವುದಕ್ಕೆ ಯಾವ ಆಧಾರವೂ ಇಲ್ಲ.

ಮೊತ್ತ ಹೀಗೆ ಬರುತ್ತದೆ. ಸಾವಿಗೆ ತಿಂಗಳ ಪಗಾರದ ಶೇಕಡ 50ನ್ನು, ಸಂಪೂರ್ಣ ಶಾಶ್ವತ ಅಸಮರ್ಥತೆಗೆ ಶೇಕಡ 60ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2020ರ ಜನವರಿಯ ಅಧಿಸೂಚನೆಯ ಪ್ರಕಾರ ಪಗಾರ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ ಮಾತ್ರ. ಮೂವತ್ತು ವಯಸ್ಸಿನವರ ಗುಣಕ 207.98. ಆದ್ದರಿಂದ 15,000ದ ಶೇಕಡ 60, ಅಂದರೆ 9,000ವನ್ನು 207.98ರಿಂದ ಗುಣಿಸಿದರೆ 18,71,820 ರೂಪಾಯಿ. ಭಾಗಶಃ ನಷ್ಟವಾದರೆ ಇದೇ ಮೊತ್ತದ ಶೇಕಡವಾರು ಸಿಗುತ್ತದೆ: ಶೇಕಡ 40ಕ್ಕೆ 7,48,728, ಶೇಕಡ 70ಕ್ಕೆ 13,10,274. ಚಿಕಿತ್ಸೆಗೆ ವಾಸ್ತವವಾಗಿ ಆದ ಖರ್ಚನ್ನು ಇದಲ್ಲದೆ ಪ್ರತ್ಯೇಕವಾಗಿ ಮಾಲೀಕರೇ ಭರಿಸಬೇಕು. ಔಷಧದ ಅಂಗಡಿಯ ಒಂದು ಚೀಟಿಯನ್ನೂ ಎಸೆಯಬೇಡಿ.

ಈ ಶೇಕಡವಾರು ಸಂಖ್ಯೆಯೇ ಇಡೀ ಪ್ರಕರಣದ ತಿರುಳು. ಮುಖ ತೀರಾ ವಿರೂಪಗೊಂಡರೆ ಅದನ್ನು ಕಾಯ್ದೆಯ ಅನುಸೂಚಿಯೇ ಶೇಕಡ 100ರ ನಷ್ಟ ಎಂದು ಹೇಳಿದೆ. ಆದರೆ ಕೈ, ಕುತ್ತಿಗೆ, ಎದೆಯ ಸುಟ್ಟಗಾಯಗಳು ಅನುಸೂಚಿಯಲ್ಲಿ ಇಲ್ಲ. ಅಲ್ಲಿ ಅರ್ಹ ವೈದ್ಯರು ಗಳಿಕೆಯ ಸಾಮರ್ಥ್ಯದಲ್ಲಿ ಆದ ನಷ್ಟವನ್ನು ಅಳೆಯಬೇಕು. ದೇಹದ ಶೇಕಡ 30 ಸುಟ್ಟಿತು ಎಂದರೆ ಗಳಿಕೆಯ ನಷ್ಟವೂ ಶೇಕಡ 30 ಎಂದೇನೂ ಅರ್ಥವಲ್ಲ. ಎರಡೂ ಅಂಗೈ ಸುಟ್ಟು ಬೆರಳು ಮಡಚಿಕೊಂಡ ದೋಸೆ ಭಟ್ಟರ ದೇಹದ ಲೆಕ್ಕದಲ್ಲಿ ಸುಟ್ಟ ಭಾಗ ತೀರಾ ಸಣ್ಣದು. ಆದರೂ ಸಟ್ಟುಗ ಹಿಡಿಯಲಾಗದ, ಕಾವಲಿಯ ಬಿಸಿ ತಾಳಲಾಗದ ಅವರಿಗೆ ತಮ್ಮ ಕಸುಬು ಪೂರ್ತಿ ಹೋಗಿದೆ. ಸುಪ್ರೀಂ ಕೋರ್ಟು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಯೊಬ್ಬರ ನಷ್ಟವನ್ನು ಶೇಕಡ 100 ಎಂದು ಎತ್ತಿಹಿಡಿದದ್ದು ಇದೇ ನೆಲೆಯಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ನಡೆಯದು ಎಂಬ ಕಾರಣಕ್ಕೆ. ಹಾಗಾಗಿ ವೈದ್ಯರಿಂದ ಪ್ರಮಾಣಪತ್ರ ಪಡೆಯುವಾಗ ನೀವು ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ಹೇಳಿ: ಎಷ್ಟು ತೂಕ ಎತ್ತುತ್ತಿದ್ದಿರಿ, ಎಷ್ಟು ಹೊತ್ತು ಶಾಖದ ಮುಂದೆ ನಿಲ್ಲುತ್ತಿದ್ದಿರಿ, ಯಾವ ಕೈಯಿಂದ ಏನು ಮಾಡುತ್ತಿದ್ದಿರಿ. ಚರ್ಮ ಕಸಿ ಮುಗಿದು, ವ್ಯಾಯಾಮ ಚಿಕಿತ್ಸೆ ನಡೆದು, ಗಾಯ ಒಂದು ಸ್ಥಿತಿಗೆ ಬಂದ ಮೇಲೆಯೇ ಈ ಪ್ರಮಾಣಪತ್ರ ಪಡೆಯುವುದು ಲೇಸು.

ಅಪಘಾತದ ದಿನದಿಂದ ಎರಡು ವರ್ಷದೊಳಗೆ ಪರಿಹಾರದ ಪ್ರಾಧಿಕಾರಕ್ಕೆ (ಹಳೆಯ ಕಾಯ್ದೆಯಲ್ಲಿ ನೌಕರರ ಪರಿಹಾರ ಆಯುಕ್ತರು, ಸಂಹಿತೆಯಲ್ಲಿ ಸಕ್ಷಮ ಪ್ರಾಧಿಕಾರ) ಅರ್ಜಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ, ಆದರೂ ಅದನ್ನೇ ನೆಚ್ಚಿ ಕೂರಬಾರದು. ಮಾಲೀಕರು ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ವರ್ಷಕ್ಕೆ ಶೇಕಡ 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದ್ದರೆ ಮೂಲ ಮೊತ್ತದ ಶೇಕಡ 50ರವರೆಗೆ ದಂಡ. ಬಡ್ಡಿಯನ್ನು ಅಪಘಾತದ ದಿನದಿಂದಲೇ ಲೆಕ್ಕ ಹಾಕಬೇಕೆಂದು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಮೇಲ್ಮನವಿಯೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಹಳ ಜನರಿಗೆ ತಿಳಿಯದ ಇನ್ನೊಂದು ಅನುಕೂಲವಿದೆ: ಅರ್ಜಿಯನ್ನು ಅಪಘಾತ ನಡೆದ ಜಾಗದಲ್ಲೇ ಹಾಕಬೇಕೆಂದಿಲ್ಲ. ಗಾಯಾಳುವೋ ಅವಲಂಬಿತರೋ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು. ವಾಸ್ಕೊದಲ್ಲಿ ಸುಟ್ಟುಕೊಂಡು ಯಾದಗಿರಿಗೆ ಮರಳಿದವರು ಪ್ರತಿ ತಾರೀಕಿಗೂ ಗೋವಾಕ್ಕೆ ರೈಲು ಹತ್ತಬೇಕಾಗಿಲ್ಲ.

ಗುತ್ತಿಗೆದಾರ ಪರಾರಿಯಾದರೆ

ನಮ್ಮವರಲ್ಲಿ ಅನೇಕರು ಕಂಪನಿಯ ಪಟ್ಟಿಯಲ್ಲಿ ಇರುವುದಿಲ್ಲ, ಠೇಕೆದಾರನ ಕೆಳಗೆ ಇರುತ್ತಾರೆ. ಅಪಘಾತವಾದೊಡನೆ ಕಂಪನಿ ಠೇಕೆದಾರನತ್ತ ಬೆರಳು ತೋರಿಸುತ್ತದೆ, ಠೇಕೆದಾರ ಫೋನ್ ತೆಗೆಯುವುದನ್ನೇ ನಿಲ್ಲಿಸುತ್ತಾನೆ. ಕಂಪನಿಯ ವ್ಯವಹಾರಕ್ಕೆ ಸೇರಿದ ಕೆಲಸವನ್ನು ಅದರ ಹತೋಟಿಯಲ್ಲಿರುವ ಜಾಗದಲ್ಲಿ ಮಾಡುತ್ತಿರುವಾಗ ಗಾಯವಾದರೆ ಪರಿಹಾರವನ್ನು ಪ್ರಧಾನ ಮಾಲೀಕರಿಂದಲೇ, ಅಂದರೆ ಆ ಕಂಪನಿಯಿಂದಲೇ, ಕೇಳಬಹುದು. ಅವರು ಬೇಕಾದರೆ ಆಮೇಲೆ ಠೇಕೆದಾರನಿಂದ ವಸೂಲು ಮಾಡಿಕೊಳ್ಳಲಿ. ಅರ್ಜಿಯಲ್ಲಿ ಇಬ್ಬರನ್ನೂ, ವಿಮೆ ಇದ್ದರೆ ವಿಮಾ ಕಂಪನಿಯನ್ನೂ, ಎದುರುದಾರರನ್ನಾಗಿ ಸೇರಿಸಿ.

ರಾಜಿಯ ಕಾಗದ

ಮೂರನೆಯ ವಾರದ ಹೊತ್ತಿಗೆ, ಮನೆಯಲ್ಲಿ ಹಣ ಖಾಲಿಯಾದ ಸಮಯ ನೋಡಿಕೊಂಡು, ಯಾರೋ ಒಬ್ಬರು ಸ್ಟಾಂಪ್ ಪೇಪರಿನೊಂದಿಗೆ ಬರುತ್ತಾರೆ. ಅವರು ಊರಿನವರೇ ಆಗಿರುತ್ತಾರೆ, ಆತ್ಮೀಯವಾಗಿ ಮಾತಾಡುತ್ತಾರೆ. 'ಐವತ್ತು ಸಾವಿರ ತಗೋರಿ, ಕೋರ್ಟು ಕಚೇರಿ ಅಂತ ಯಾಕ ಅಲೀತೀರಿ' ಎನ್ನುತ್ತಾರೆ. ಆ ಹೊತ್ತಿನ ಸಂಕಟ ನನಗೆ ಅರ್ಥವಾಗುತ್ತದೆ, ಹಣ ಪಡೆಯಬೇಡಿ ಎಂದು ನಾನು ಹೇಳುವುದಿಲ್ಲ. ಪಡೆಯುವುದಾದರೆ 'ಚಿಕಿತ್ಸಾ ವೆಚ್ಚಕ್ಕಾಗಿ ಮುಂಗಡ' ಎಂದು ಬರೆದು ರಸೀದಿ ಕೊಡಿ. 'ಪೂರ್ಣ ಹಾಗೂ ಅಂತಿಮ' ಎಂಬ ಪದಗಳಿರುವ ಕಾಗದಕ್ಕೆ ಸಹಿ ಬೇಡ. ಈಗಾಗಲೇ ಸಹಿ ಮಾಡಿದ್ದರೂ ಎದೆಗುಂದಬೇಕಾಗಿಲ್ಲ, ಏಕೆಂದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಅಸಿಂಧು. ರಾಜಿ ಒಪ್ಪಂದವನ್ನು ಪ್ರಾಧಿಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮವೂ ಇದೆ, ಮೊತ್ತ ತೀರಾ ಕಡಿಮೆ ಎನಿಸಿದರೆ ಪ್ರಾಧಿಕಾರ ಅದನ್ನು ತಿರಸ್ಕರಿಸಬಹುದು. ಸಾವಿನ ಪ್ರಕರಣದಲ್ಲಿ ಹಾಗೂ ಮಹಿಳೆಗೆ ಇಡುಗಂಟಾಗಿ ಪರಿಹಾರ ಕೊಡುವಾಗ ಹಣವನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಲೇಬೇಕು. ಕೈಯಲ್ಲಿ ನೇರವಾಗಿ ಕೊಟ್ಟದ್ದು ಪರಿಹಾರ ಎನಿಸಿಕೊಳ್ಳುವುದಿಲ್ಲ.

ತಪ್ಪಿತಸ್ಥರ ಮೇಲಿನ ಕ್ರಮ

ಪರಿಹಾರದ ಅರ್ಜಿ ಹಾಕಿದ್ದೇವೆ ಎಂದು ಪೊಲೀಸ್ ದೂರನ್ನು ಕೈಬಿಡಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮು ದುಡುಕು ಅಥವಾ ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 287ನೇ ಕಲಮು ಬೆಂಕಿ ಮತ್ತು ಹೊತ್ತಿಕೊಳ್ಳುವ ವಸ್ತುಗಳ ವಿಷಯದ ನಿರ್ಲಕ್ಷ್ಯಕ್ಕೆ, 289ನೇ ಕಲಮು ಯಂತ್ರಗಳ ವಿಷಯದ ನಿರ್ಲಕ್ಷ್ಯಕ್ಕೆ ಅನ್ವಯಿಸುತ್ತವೆ. ಮುಖದ ಶಾಶ್ವತ ವಿರೂಪವಾಗಲಿ, ಹದಿನೈದು ದಿನ ತೀವ್ರ ನೋವು ಅನುಭವಿಸುವಂತೆ ಮಾಡಿದ ಗಾಯವಾಗಲಿ ತೀವ್ರ ಗಾಯವೇ ಆದ್ದರಿಂದ ಗಂಭೀರ ಸುಟ್ಟಗಾಯಗಳು ಬಹುಮಟ್ಟಿಗೆ ಈ ವ್ಯಾಖ್ಯೆಯೊಳಗೆ ಬರುತ್ತವೆ.

ಕಾರ್ಖಾನೆಯಾದರೆ ಮಹಾರಾಷ್ಟ್ರದಲ್ಲಿ ಎಲ್ಲರೂ 'ಡಿಶ್' ಎಂದು ಕರೆಯುವ ಕೈಗಾರಿಕಾ ಸುರಕ್ಷೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ (ಮುಂಬಯಿಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ ಭವನ), ಗೋವಾದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ನಿರೀಕ್ಷಣಾಲಯಕ್ಕೆ ದೂರು ಕೊಡಿ. ಅವರ ತನಿಖಾ ವರದಿ ನಿಮ್ಮ ಪರಿಹಾರದ ಪ್ರಕರಣಕ್ಕೂ ಬಲ ಕೊಡುತ್ತದೆ. ಕೇಳಿದರೆ ಕೊಡದಿದ್ದಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹೊಸ ಔದ್ಯೋಗಿಕ ಸುರಕ್ಷಾ ಸಂಹಿತೆಯಲ್ಲಿ, ಮಾಲೀಕರ ಕರ್ತವ್ಯಲೋಪದಿಂದ ಗಂಭೀರ ಗಾಯವಾದರೆ ಎರಡರಿಂದ ನಾಲ್ಕು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಅಥವಾ ಎರಡೂ ಇವೆ, ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಗಾಯಾಳುವಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ವಿದ್ಯುತ್ತಿನಿಂದ ಸುಟ್ಟಿದ್ದರೆ ವಿದ್ಯುತ್ ನಿರೀಕ್ಷಕರ ವರದಿ ಬೇಕೇ ಬೇಕು. ಗ್ಯಾಸ್ ಸಿಲಿಂಡರಿನ ಅಪಘಾತವಾದರೆ ವಿತರಕರಿಗೆ ಕೂಡಲೇ ಲಿಖಿತ ಮಾಹಿತಿ ಹೋಗಬೇಕು, ಏಕೆಂದರೆ ತೈಲ ಕಂಪನಿಗಳ ವಿಮೆ ಆ ಮೂಲಕವೇ ಸಿಗುತ್ತದೆ. ದೋಷಯುಕ್ತ ಯಂತ್ರ ತಯಾರಿಸಿದವರ ಮೇಲೆ, ಹೊರಗಿನ ವಿದ್ಯುತ್ ಕಂಪನಿಯ ಮೇಲೆ ಪ್ರತ್ಯೇಕ ದಾವೆಗೆ ಅವಕಾಶವಿದೆ. ಟ್ಯಾಂಕರಿನಂಥ ವಾಹನಕ್ಕೆ ಬೆಂಕಿ ಬಿದ್ದು ಆದ ಗಾಯಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿ ಹೆಚ್ಚು ಲಾಭದಾಯಕವಾಗಿರಬಹುದು, ಆದರೆ ಅದನ್ನೋ ನೌಕರರ ಪರಿಹಾರವನ್ನೋ ಒಂದನ್ನೇ ಆರಿಸಿಕೊಳ್ಳಬೇಕು.

ನಡುವಿನ ದಿನಗಳಲ್ಲಿ

ತೀರ್ಪು ಬರುವವರೆಗೆ ಮನೆ ನಡೆಯಬೇಕು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಸುಟ್ಟಗಾಯದ ಚಿಕಿತ್ಸೆ ಸೇರಿದೆ, ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಆ ಯೋಜನೆಯ ಸಹಾಯಕರನ್ನು, ಕೇಳಿ. ಕರ್ನಾಟಕದ ಆಯುಷ್ಮಾನ್ ಕಾರ್ಡು ಇದ್ದವರು ಅದನ್ನು ಇಲ್ಲಿಯ ನೋಂದಾಯಿತ ಆಸ್ಪತ್ರೆಗಳಲ್ಲಿ ಬಳಸಬಹುದೇ ಎಂದು ಅಲ್ಲೇ ವಿಚಾರಿಸಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದು. ಅಪಘಾತದಲ್ಲಿ ಸಾವಾದರೆ ಅಥವಾ ಎರಡೂ ಕೈ, ಕಾಲು, ಕಣ್ಣುಗಳಂಥ ಪೂರ್ಣ ನಷ್ಟವಾದರೆ ಎರಡು ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣಿನ ನಷ್ಟಕ್ಕೆ ಒಂದು ಲಕ್ಷ. ಇಂಥ ವಿಮೆಯ ಹಣ ಬಂದ ಮಾತ್ರಕ್ಕೆ ಮಾಲೀಕರ ಹೊಣೆ ಕಡಿಮೆಯಾಗುವುದಿಲ್ಲ. ಇಎಸ್‌ಐ ತಾತ್ಕಾಲಿಕ ಅಸಮರ್ಥತೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆದುಹಾಕುವುದಕ್ಕೆ ನಿಷೇಧವಿದೆ. ವೈಕಲ್ಯ ಶೇಕಡ 40 ದಾಟಿದ್ದರೆ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಕೊಳ್ಳಿ, ಅದು ಮುಂದಿನ ಸೌಲಭ್ಯಗಳಿಗೆಲ್ಲ ಬೇಕಾಗುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯುವವರು ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ. 15100 ಸಂಖ್ಯೆಗೆ ಕರೆ ಮಾಡಬಹುದು, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಬಹುದು. ಪುಣೆಯವರಿಗೆ ಅದು ಶಿವಾಜಿನಗರ ನ್ಯಾಯಾಲಯ. ಖಾಸಗಿ ವಕೀಲರನ್ನು ಹಿಡಿದರೆ ಪರಿಹಾರದಲ್ಲಿ ಪಾಲು ಕೇಳುವವರಿಂದ ದೂರವಿರಿ, ವಕೀಲರು ಹಾಗೆ ಪಾಲಿನ ಲೆಕ್ಕದಲ್ಲಿ ಶುಲ್ಕ ಗೊತ್ತುಮಾಡಿಕೊಳ್ಳುವುದಕ್ಕೆ ಅವರ ವೃತ್ತಿ ನಿಯಮದಲ್ಲೇ ಅವಕಾಶವಿಲ್ಲ. ಮೊದಲ ಭೇಟಿಗೆ ಹೋಗುವಾಗ ಎಂಎಲ್‌ಸಿ ಪ್ರತಿ, ಡಿಸ್ಚಾರ್ಜ್ ಕಾರ್ಡು, ಪಗಾರದ ಆಧಾರ, ವಯಸ್ಸಿನ ದಾಖಲೆ, ದಿನಾಂಕವಿರುವ ಫೋಟೊಗಳು, ಔಷಧದ ಬಿಲ್ಲುಗಳು ಇಷ್ಟರ ಎರಡೆರಡು ಜೆರಾಕ್ಸ್ ಒಯ್ಯಿರಿ, ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡದೆ ಮನೆಯಲ್ಲೇ ಇಡಿ.